ತಿಂದದ್ದು ಲೆಕ್ಕಕ್ಕಿಲ್ಲ, ಉಂಡದ್ದು ಮಾತ್ರ

ಮೊದಲೇ ಹೇಳಿಬಿಡುತ್ತೇನೆ, ನಾನು ಗೆದ್ದಿದ್ದೇನೆ. ತೂಕ ಇಳಿಸಲು ಹೊರಟವರ ಕತೆಗಳಲ್ಲಿ ಕೊನೆಗೆ ಗೆಲ್ಲುವುದು ತೂಕವೇ ಎಂದು ಬಲ್ಲ ನೀವು ಆರಂಭದಲ್ಲೇ ಅನುಮಾನಪಡಬಾರದಲ್ಲ, ಅದಕ್ಕೇ ಈ ಮಾತನ್ನು ಮುಂದಕ್ಕೆ ತಂದೆ. ಇಷ್ಟೆಲ್ಲ ನೆನಪಾಗಲು ಕಾರಣ ಇವತ್ತು ಬೆಳಿಗ್ಗೆ ಮನೆಗೆ ಬಂದ ಹೊಸ ಬಾಳೆಗೊನೆ. ನಮ್ಮ ಹಜಾರದಿಂದ ಅಡುಗೆಮನೆಗೆ ಹೋಗುವ ಬಾಗಿಲ ಪಕ್ಕ ಒಂದು ಕಬ್ಬಿಣದ ಕೊಕ್ಕೆ ಇದೆ. ಅದಕ್ಕೆ ಗೊನೆಯನ್ನು ತೂಗುಹಾಕಿ ನನ್ನ ಗಂಡ ಅಂಗಡಿಗೆ ಹೋದರು. ನಾನು ಅದರ ಕೆಳಗೆ ಬೆಳಗಿನಿಂದ ಎಷ್ಟೋ ಸಲ ಓಡಾಡಿದೆ. ಒಂದು ಸಲವೂ ಕೈ ಮೇಲಕ್ಕೆ ಹೋಗಲಿಲ್ಲ. ಇದರಲ್ಲಿ ಏನು ದೊಡ್ಡಸ್ತಿಕೆ ಎನ್ನುತ್ತೀರೇನೋ. ನನ್ನನ್ನು ಎರಡು ವರ್ಷದ ಹಿಂದೆ ನೋಡಿದ್ದವರು ಹಾಗೆ ಅನ್ನುವುದಿಲ್ಲ.

ನಮ್ಮ ಮನೆಗೆ ಬಾಳೆಗೊನೆ ಬರುವುದಕ್ಕೆ ಹಬ್ಬವೂ ಬೇಕಿಲ್ಲ, ದೇವರೂ ಬೇಕಿಲ್ಲ. ನಮ್ಮವರದು ಮೈಸೂರು ಜಿಲ್ಲೆಯ ಕೋಟೆ ಊರಿನ ಪಕ್ಕದ ಹ್ಯಾಂಡ್‌ಪೋಸ್ಟ್‌ನಲ್ಲಿ ಮೋಟರ್ ವೈಂಡಿಂಗ್ ಅಂಗಡಿ. ಸುಟ್ಟುಹೋದ ಬೋರ್‌ವೆಲ್ ಮೋಟರನ್ನು ಹೊತ್ತು ತರುವ ರೈತರು, ಅದು ಮತ್ತೆ ನೀರೆತ್ತಿದ ಖುಷಿಗೆ ಮುಂದಿನ ಸಲ ಪೇಟೆಗೆ ಬರುವಾಗ ಒಂದು ಗೊನೆ ಇಳಿಸಿ ಹೋಗುತ್ತಾರೆ. ನೇಂದ್ರಬಾಳೆಯ ಒಳ್ಳೊಳ್ಳೆಯ ಗೊನೆಗಳು ಲಾರಿ ಹತ್ತಿ ಕೇರಳಕ್ಕೆ ಹೋಗುತ್ತವೆ, ಸ್ವಲ್ಪ ಸೊಟ್ಟಗಿರುವವು ನಮ್ಮ ಕೊಕ್ಕೆಗೆ ಬರುತ್ತವೆ. ಏಲಕ್ಕಿಬಾಳೆ, ಪಚ್ಚಬಾಳೆ ಯಾವುದಾದರೊಂದು ಇದ್ದೇ ಇರುತ್ತದೆ. ಅಡುಗೆಮನೆಗೆ ಹೋಗುವಾಗ ಒಂದು, ಬರುವಾಗ ಒಂದು. ಹೆದ್ದಾರಿಯ ಟೋಲ್‌ನಲ್ಲಿ ವಾಹನದವರು ಕೊಟ್ಟು ಹೋದರೆ, ನಾನು ನನ್ನ ಟೋಲ್‌ನಲ್ಲಿ ಕಿತ್ತುಕೊಂಡು ಹೋಗುತ್ತಿದ್ದೆ.

ಆದರೆ ಅದನ್ನು ನಾನು ಊಟವೆಂದಾಗಲಿ, ತಿಂಡಿಯೆಂದಾಗಲಿ ಎಂದೂ ಎಣಿಸಿದವಳಲ್ಲ. ಇದಕ್ಕೆ ನನ್ನ ಹೊಟ್ಟೆಬಾಕತನ ಎಷ್ಟು ಕಾರಣವೋ ನಾನು ಕಲಿತ ಕನ್ನಡವೂ ಅಷ್ಟೇ ಕಾರಣ. ನನ್ನ ತವರು ಹನಗೋಡು. ಅಲ್ಲಿ ನಾವು ಮಕ್ಕಳು ಶಾಲೆಗೆ ಹೋಗುವ ದಾರಿಯಲ್ಲಿ ಎಲಚಿಹಣ್ಣು, ಸೀಬೆಹಣ್ಣು, ನೇರಳೆ, ಯಾರದೋ ಹಿತ್ತಲಿನ ಸೀತಾಫಲ ಎಲ್ಲವನ್ನೂ ಮುಗಿಸಿ, ನಾಲಗೆ ನೀಲಿ ಮಾಡಿಕೊಂಡು ಮನೆಗೆ ಬಂದರೆ ಅವ್ವ ಕೇಳುತ್ತಿದ್ದುದು ಒಂದೇ ಪ್ರಶ್ನೆ, "ಇಟ್ಟುಂಡ್ಯಾ?" ಇಟ್ಟು ಎಂದರೆ ರಾಗಿಮುದ್ದೆ. ಇಲ್ಲ ಅಂದರೆ, "ಬೆಳಗಿಂದ ಏನೂ ತಿಂದಿಲ್ವಲ್ಲ ಮಗ" ಎಂದು ಮರುಗಿ ದೊಡ್ಡ ಮುದ್ದೆಯೊಂದನ್ನು ತಟ್ಟೆಗೆ ಇಳಿಸುತ್ತಿದ್ದಳು. ನಮ್ಮ ಹೊಟ್ಟೆಯಲ್ಲಿ ಆಗಲೇ ಅರ್ಧ ಮರ ಇರುತ್ತಿತ್ತು. ಆದರೂ ಏನೂ ತಿಂದಿಲ್ಲವೆಂಬ ಮಾತು ಅವಳಿಗೂ ನಿಜವಾಗಿತ್ತು, ನಮಗೂ ನಿಜವಾಗಿತ್ತು.

ನಮ್ಮ ಕಡೆ ಮುದ್ದೆ, ಅನ್ನ ಉಣ್ಣುವಂಥವು. ಉಳಿದದ್ದೆಲ್ಲ ತಿನ್ನುವಂಥವು. ಹಣ್ಣು ಉಂಡೆ ಎಂದು ಯಾರೂ ಅನ್ನುವುದಿಲ್ಲ. ಅಂದರೆ ಊರೇ ನಗುತ್ತದೆ. ಉಂಡದ್ದಕ್ಕೆ ಲೆಕ್ಕವಿದೆ, ಹೊತ್ತಿದೆ, ತಟ್ಟೆಯಿದೆ. ತಿಂದದ್ದಕ್ಕೆ ಇವು ಯಾವುದೂ ಇಲ್ಲ. ಅಂಗಡಿಯಿಂದ ದುಡ್ಡು ಕೊಟ್ಟು ಹಣ್ಣು ತಂದರಂತೂ ನಾವು ಮಕ್ಕಳು ಹೆದರುತ್ತಿದ್ದೆವು. ಮೂಸಂಬಿ ಬಂತೆಂದರೆ ಯಾರೋ ಆಸ್ಪತ್ರೆ ಸೇರಿದ್ದಾರೆ ಎಂದರ್ಥ, ಸೇಬು ಬಂತೆಂದರೆ ಸ್ವಲ್ಪ ಜಾಸ್ತಿಯೇ ಆಗಿದೆ ಎಂದರ್ಥ. ನಮ್ಮಜ್ಜಿ ಶನಿವಾರ ಒಪ್ಪತ್ತು ಮಾಡುತ್ತಿದ್ದಳು. ರಾತ್ರಿಗೆ ಅವಳದು ಪಲಾರ. ಆ ಪದದಲ್ಲಿ ಫಲ ಇರುವುದು ನನಗೆ ಗೊತ್ತಾದದ್ದು ಟೀಚರ್ ಟ್ರೈನಿಂಗಿಗೆ ಸೇರಿದ ಮೇಲೆ. ಅಜ್ಜಿಯ ಪಲಾರದಲ್ಲಿ ಇರುತ್ತಿದ್ದದ್ದು ತುಪ್ಪ ಹಾಕಿದ ಉಪ್ಪಿಟ್ಟು, ಒಗ್ಗರಣೆ ಅವಲಕ್ಕಿ, ಕೆಲವು ಸಲ ದೋಸೆ. ಇಂಥ ಮನೆಯಲ್ಲಿ ಬೆಳೆದವಳಿಗೆ ಆಹಾರದ ವಿಚಾರದಲ್ಲಿ ಗಣಿತ ಬರುವುದು ಕಷ್ಟ.

ಈಗ ವಿಷಯಕ್ಕೆ ಬರುತ್ತೇನೆ. ನಾನು ಕೋಟೆ ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ನಲಿಕಲಿ ಟೀಚರ್. ಒಂದು, ಎರಡು, ಮೂರನೇ ತರಗತಿಯ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ ಗುಂಪು ಗುಂಪಾಗಿ ನೆಲದ ಮೇಲೆ ಕುಳಿತು, ಚಿತ್ರದ ಕಾರ್ಡು ಹಿಡಿದುಕೊಂಡು, ಹಾಡಿಕೊಂಡು ಕಲಿಯುತ್ತಾರೆ. ಈ ಪದ್ಧತಿ ನಮ್ಮ ಕೋಟೆ ತಾಲ್ಲೂಕಿನಲ್ಲೇ ಹುಟ್ಟಿದ್ದೆಂದು ನಮಗೆಲ್ಲ ಒಂದಿಷ್ಟು ಜಂಬವೂ ಇದೆ. ಅಲ್ಲಿ ಟೀಚರಿಗೆ ಕುರ್ಚಿಯಿಲ್ಲ. ಮಕ್ಕಳ ಜೊತೆ ನೆಲದಲ್ಲಿ ಕೂರಬೇಕು. ಈ ಗುಂಪಿನಲ್ಲಿ ಕೂತು, ಎದ್ದು, ಆ ಗುಂಪಿನಲ್ಲಿ ಕೂರಬೇಕು. ಇಪ್ಪತ್ತು ವರ್ಷ ಹೀಗೆ ಕೂತು ಎದ್ದು ಸಂಬಳ ತೆಗೆದುಕೊಂಡವಳು ನಾನು. ಆ ಕೋಣೆ ಬಿಟ್ಟರೆ ನನಗೆ ಬೇರೆ ಕೆಲಸ ಬರುವುದಿಲ್ಲ ಎಂದರೆ ಅದು ವಿನಯವಲ್ಲ, ನಿಜ.

ಮೈ ತೂಕ ಹತ್ತುತ್ತಾ ಮಂಡಿ ಮುನಿಸಿಕೊಂಡಿತು. ಕೂರುವುದು ಹೇಗೋ ಆಗುತ್ತಿತ್ತು, ಅದಕ್ಕೆ ಭೂಮಿಯ ಸಹಾಯವಿತ್ತು. ಏಳುವುದು ಆಗುತ್ತಿರಲಿಲ್ಲ. ಮೊದಮೊದಲು ಗೋಡೆ ಹಿಡಿದು ಎದ್ದೆ. ಆಮೇಲೆ ಗೋಡೆಯ ಪಕ್ಕದ ಗುಂಪಿಗೆ ಮಾತ್ರ ಪಾಠ ಮಾಡತೊಡಗಿದೆ. ಒಂದು ದಿನ ಕೋಣೆಯ ನಟ್ಟನಡುವೆ ಕೂತುಬಿಟ್ಟು ಏಳಲಾಗದೆ ಒದ್ದಾಡುತ್ತಿದ್ದಾಗ ಮಕ್ಕಳೆಲ್ಲ ಬಂದು, ತೋಟದಲ್ಲಿ ಮೋಟರ್ ಎಳೆಯುವಾಗ ದೊಡ್ಡವರು ಕೂಗುವಂತೆ ಕೂಗುತ್ತಾ ನನ್ನನ್ನು ಎಳೆದು ನಿಲ್ಲಿಸಿದರು. ಅವರಿಗೆ ಅದು ಆಟ. ನಾನೂ ನಕ್ಕೆ. ಮನೆಗೆ ಬಂದು ಬಚ್ಚಲಮನೆಯಲ್ಲಿ ಅತ್ತೆ.

ನಮ್ಮ ಹೆಡ್‌ಮಾಸ್ಟರು ಒಳ್ಳೆಯ ಮನುಷ್ಯ. ಮಾರನೆಯ ದಿನ ಆಫೀಸಿನಿಂದ ಒಂದು ಕುರ್ಚಿ ತಂದು ನನ್ನ ಕೋಣೆಯಲ್ಲಿ ಹಾಕಿಸಿದರು. ಅದರ ಮೇಲೆ ಕೂತು ನೋಡಿದರೆ ಕೆಳಗೆ ಮಕ್ಕಳ ನೆತ್ತಿಗಳಷ್ಟೇ ಕಾಣುತ್ತಿದ್ದವು. ಸ್ಲೇಟಿನಲ್ಲಿ ಏನು ಬರೆಯುತ್ತಿದ್ದಾರೆ, ಯಾರ ಕಣ್ಣು ತುಂಬಿದೆ, ಯಾರು ಕಾರ್ಡಿನ ಮೂಲೆಯನ್ನು ಅಗಿಯುತ್ತಿದ್ದಾರೆ, ಒಂದೂ ತಿಳಿಯುತ್ತಿರಲಿಲ್ಲ. ದಸರಾ ರಜೆ ಮುಗಿದ ಮೇಲೆ ಹೆಡ್‌ಮಾಸ್ಟರು ನಿಧಾನವಾಗಿ ಮಾತು ತೆಗೆದರು. ಮುಂದಿನ ಜೂನ್‌ನಿಂದ ನಾನು ಏಳನೇ ತರಗತಿಗೆ ಸಮಾಜ ತೆಗೆದುಕೊಳ್ಳುವುದು, ಅಲ್ಲಿ ಬೆಂಚೂ ಇದೆ ಮೇಜೂ ಇದೆ, ನಲಿಕಲಿಗೆ ಬೇರೆಯವರನ್ನು ಹಾಕುವುದು. ನಾನು ಹೇಳಿದೆ:

"ಜೂನ್‌ವರೆಗೂ ಟೈಮ್ ಕೊಡಿ ಸಾರ್. ಸ್ಕೂಲ್ ಶುರುವಾಗೋ ದಿನ ನೆಲದ ಮೇಲೆ ಕೂತು, ಯಾರ ಕೈಯೂ ಹಿಡೀದೆ ಎದ್ದು ತೋರಿಸ್ತೀನಿ. ಆಗ್ಲಿಲ್ಲ ಅಂದ್ರೆ ಏಳನೇ ಕ್ಲಾಸಿಗೆ ನಾನೇ ಹೋಗ್ತೀನಿ."

ಅವರು ಒಪ್ಪಿದರು. ಡಾಕ್ಟರು ಕೂಡ, ಮಂಡಿ ಇನ್ನೂ ಕೆಟ್ಟಿಲ್ಲ, ತೂಕ ಇಳಿಸಿದರೆ ನಿಮ್ಮ ಮಾತು ಕೇಳುತ್ತದೆ ಎಂದರು. ನಮ್ಮವರು ಮೈಸೂರಿನಿಂದ ಮುಳ್ಳು ಓಡಾಡುವ ತೂಕದ ಮಿಷನ್ನು ತಂದರು. ಮೈಸೂರಿನಲ್ಲಿ ಓದುತ್ತಿರುವ ಮಗಳು ಚೈತ್ರ ನನ್ನ ಫೋನಿಗೆ ಕ್ಯಾಲೊರಿ ಲೆಕ್ಕ ಹಾಕುವ ಆ್ಯಪ್ ಹಾಕಿಕೊಟ್ಟಳು. ಯುದ್ಧಕ್ಕೆ ಬೇಕಾದ ಸಲಕರಣೆಗಳೆಲ್ಲ ಸಿದ್ಧವಾದವು.

ನಾನು ಮುದ್ದೆಯನ್ನು ಅರ್ಧ ಮಾಡಿದೆ. ಅನ್ನವನ್ನು ಮಗುವಿಗೆ ಬಡಿಸುವಷ್ಟು ಬಡಿಸಿಕೊಂಡೆ. ಕಾಫಿಗೆ ಸಕ್ಕರೆ ಬಿಟ್ಟೆ. ಒಗ್ಗರಣೆಗೆ ಎಣ್ಣೆ ಹಾಕುವಾಗ ಚಮಚವನ್ನು ಎರಡು ಸಲ ನೋಡಿದೆ. ಇವೆಲ್ಲವನ್ನೂ ಪ್ರಾಮಾಣಿಕವಾಗಿ ಆ್ಯಪಿಗೆ ತುಂಬಿದೆ. ಹಣ್ಣನ್ನು ಮಾತ್ರ ತುಂಬಲಿಲ್ಲ. ಮರೆತು ಅಲ್ಲ. ತಿಂದದ್ದನ್ನು ಯಾರಾದರೂ ಲೆಕ್ಕ ಇಡುತ್ತಾರೆಯೇ? ಊಟ ಕಡಿಮೆಯಾಗಿದ್ದರಿಂದ ಹಸಿವು ಜಾಸ್ತಿಯಾಗಿತ್ತು, ಹಸಿವು ಜಾಸ್ತಿಯಾದಷ್ಟೂ ಕೊಕ್ಕೆಯ ಕೆಳಗೆ ಓಡಾಟ ಜಾಸ್ತಿಯಾಯಿತು. ಎರಡು ತಿಂಗಳಾದರೂ ಮಿಷನ್ನಿನ ಮುಳ್ಳು ಅಲ್ಲಾಡಲಿಲ್ಲ.

ಚೈತ್ರ ಫೋನಿನಲ್ಲಿ ಹಣ್ಣನ್ನೂ ಎಣಿಸಬೇಕಮ್ಮ ಅಂದಳು. ನನಗೆ ಸಿಟ್ಟು ಬಂತು. ಹಣ್ಣು ಒಳ್ಳೆಯದೆಂದು ಡಾಕ್ಟರೇ ಹೇಳುತ್ತಾರೆ, ಪಠ್ಯಪುಸ್ತಕದಲ್ಲೇ ಇದೆ, ನಾನೇ ಮಕ್ಕಳಿಗೆ ಹಾಡು ಮಾಡಿ ಕಲಿಸಿದ್ದೇನೆ, ಒಳ್ಳೆಯದು ಹೇಗೆ ತೂಕ ಏರಿಸುತ್ತದೆ ಎಂದು ವಾದ ಮಾಡಿದೆ. ಅವಳು ಒತ್ತಾಯಿಸಿದಳೆಂದು ಒಂದು ದಿನ ಆ್ಯಪಿನಲ್ಲಿ ಹಲಸಿನಹಣ್ಣು ಹುಡುಕಿದೆ. ಅದು ಎಷ್ಟು ಕಪ್ ಎಂದು ಕೇಳಿತು. ಹಲಸನ್ನು ಕಪ್ಪಿನಲ್ಲಿ ತಿಂದವರನ್ನು ನಾನು ಈವರೆಗೆ ಕಂಡಿಲ್ಲ. ನಮ್ಮಲ್ಲಿ ಹಲಸಿಗೆ ತೊಳೆ ಎಂಬ ಅಳತೆಯೊಂದೇ ಇರುವುದು, ಅದನ್ನೂ ಬೀಜ ನೋಡಿ ಆಮೇಲೆ ಎಣಿಸುತ್ತೇವೆ. ಇಷ್ಟೂ ತಿಳಿಯದ ಆ್ಯಪಿನ ಮಾತು ಕೇಳಬೇಕಿಲ್ಲವೆಂದು ತೀರ್ಮಾನಿಸಿದೆ.

ಅಷ್ಟರಲ್ಲಿ ಒಂದು ಪವಾಡ ನಡೆಯಿತು. ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಮಿಷನ್ ಮೇಲೆ ನಿಂತರೆ ಮುಳ್ಳು ಕೆಳಗಿಳಿದಿತ್ತು. ಇಳಿದು ಮತ್ತೆ ಹತ್ತಿದೆ. ಆಗಲೂ ಅಷ್ಟೇ. ಒಂದು ವಾರ ಬಿಟ್ಟು ನೋಡಿದರೆ ಇನ್ನೂ ಸ್ವಲ್ಪ ಇಳಿದಿತ್ತು. ನನಗೆ ಬಂದ ಧೈರ್ಯ ಏನು ಹೇಳಲಿ. ಸ್ಟಾಫ್ ರೂಮಿನಲ್ಲಿ ಹಣ್ಣಿನ ಕ್ಯಾಲೊರಿ ಲೆಕ್ಕಕ್ಕಿಲ್ಲವೆಂದು ಭಾಷಣ ಮಾಡಿದೆ. ಹೊಸ ಅಗ್ರಹಾರಕ್ಕೆ ಮದುವೆಯಾಗಿರುವ ನಮ್ಮಕ್ಕ ನನಗಿಂತ ಒಂದು ಸುತ್ತು ದಪ್ಪ, ಅವಳಿಗೆ ಫೋನು ಮಾಡಿ ಹಣ್ಣು ಎಷ್ಟು ಬೇಕಾದರೂ ತಿನ್ನು ಎಂದು ಅಪ್ಪಣೆ ಕೊಟ್ಟೆ. ಏಳುವಾಗ ಮಂಡಿ ಮೊದಲಿನಂತೆಯೇ ನೋಯುತ್ತಿತ್ತು, ನೆಲದಿಂದ ಏಳಲು ಇನ್ನೂ ಗೋಡೆಯೇ ಬೇಕಿತ್ತು. ಮಂಡಿಗೆ ಸುದ್ದಿ ತಡವಾಗಿ ಮುಟ್ಟುತ್ತದೆ ಎಂದುಕೊಂಡೆ.

ಆ ಉತ್ಸಾಹದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ ರಾತ್ರಿಯ ಮುದ್ದೆಯನ್ನು ಪೂರ್ತಿ ಬಿಟ್ಟೆ. ಎಲ್ಲರೂ ಊಟಕ್ಕೆ ಕೂತಾಗ ನಾನು ನಿಂತೇ ಇರುತ್ತಿದ್ದೆ, ಬಡಿಸುತ್ತಾ ಒಂದು ಬಾಳೆಹಣ್ಣು, ಪಾತ್ರೆ ಎತ್ತಿಡುತ್ತಾ ಒಂದು, ಆಮೇಲೆ ಬಾಗಿಲು ಹಾಕುವಾಗ ಒಂದು. ನನ್ನ ಅತ್ತೆ ಇದನ್ನೆಲ್ಲ ಸುಮ್ಮನೆ ನೋಡುತ್ತಿದ್ದರು. ನಮ್ಮತ್ತೆ ಮಾತು ಕಡಿಮೆ, ಗಮನ ಜಾಸ್ತಿ. "ಉಣ್ಣಾಕಿಲ್ವಾ?" ಎಂದು ಎರಡು ದಿನ ಕೇಳಿದರು. ಹಣ್ಣು ತಿಂದೆ ಎಂದೆ. ಮೂರನೆಯ ದಿನದಿಂದ ಕೇಳುವುದನ್ನು ಬಿಟ್ಟರು. ನನಗೆ ಅದು ಒಪ್ಪಿಗೆಯಂತೆ ಕಂಡಿತು.

ಇಲ್ಲೇ ನಾನು ಎಡವಿದ್ದು. ನಮ್ಮ ಕಡೆ ಮನೆಯ ಹೆಂಗಸು ರಾತ್ರಿ ಉಣ್ಣದೆ ಮಲಗಿದಳು ಎಂದರೆ ಅದಕ್ಕೆ ಒಂದೇ ಅರ್ಥ. ಗಂಡನ ಜೊತೆಯೋ ಅತ್ತೆಯ ಜೊತೆಯೋ ಮುನಿಸಿಕೊಂಡಿದ್ದಾಳೆ. ಬಾಯಲ್ಲಿ ಏನೂ ಇಲ್ಲ ಅನ್ನುತ್ತಾಳೆ, ಮುದ್ದೆ ಮುಟ್ಟುವುದಿಲ್ಲ. ಆಗ ಹಿರಿಯರು ನಡುವೆ ಬಂದು ವಿಚಾರಿಸಬೇಕು. ನಮ್ಮವ್ವನೂ ಒಂದೆರಡು ಸಲ ಹೀಗೆ ಮಾಡಿದ್ದಳು, ಆಗ ಅವಳ ಅಣ್ಣ ಪಿರಿಯಾಪಟ್ಟಣದಿಂದ ಬಂದು ಅಪ್ಪನಿಗೆ ಬುದ್ಧಿ ಹೇಳಿ ಹೋಗಿದ್ದ. ಇದೆಲ್ಲ ನನಗೆ ಗೊತ್ತಿದ್ದದ್ದೇ. ಆದರೆ ತೂಕದ ಗುಂಗಿನಲ್ಲಿ, ನಾನೂ ಈ ಊರಿನ ಹೆಂಗಸೇ ಎಂಬುದು ಮರೆತುಹೋಗಿತ್ತು.

ಒಂದು ಭಾನುವಾರ ಬೆಳಿಗ್ಗೆ ಹನಗೋಡಿನಿಂದ ನನ್ನ ಅಣ್ಣ ಬೈಕಿನಲ್ಲಿ ಬಂದ. ಹಿಂದೆ ಒಂದು ಚೀಲದ ತುಂಬ ಪರಂಗಿ ಹಣ್ಣು. ಮುಂಚಿತವಾಗಿ ಫೋನು ಮಾಡದೆ ಬರುವವನಲ್ಲ ಅವನು. ಕಾಫಿ ಇಟ್ಟೆ, ಆಮೇಲೆ ಅಂದ. ಕಾಫಿ ಬೇಡ ಎಂದ ಅಣ್ಣನನ್ನು ನಾನು ಜೀವಮಾನದಲ್ಲೇ ಕಂಡಿರಲಿಲ್ಲ, ಯಾರೋ ಹೋಗಿಬಿಟ್ಟಿದ್ದಾರೆ ಎಂದುಕೊಂಡೆ. ಅವನು ನೇರವಾಗಿ ಹಜಾರದಲ್ಲಿ ಕೂತು, ನಮ್ಮವರನ್ನು ಎದುರಿಗೆ ಕೂರಿಸಿಕೊಂಡ. ಅತ್ತೆ ಬಾಗಿಲ ಪಕ್ಕದಲ್ಲಿ ಸೆರಗು ಹೊದ್ದು ಕೂತರು. ಅವರು ಕೂತ ಭಂಗಿಯಲ್ಲೇ ಅಣ್ಣನಿಗೆ ಫೋನು ಮಾಡಿದವರು ಯಾರು ಎನ್ನುವುದು ತಿಳಿಯಿತು. ಯಾಕೆ ಎನ್ನುವುದು ಮಾತ್ರ ತಿಳಿಯಲಿಲ್ಲ.

ಅಣ್ಣ ಗಂಟಲು ಸರಿಮಾಡಿಕೊಂಡ. "ಭಾವ, ನಮ್ಮುಡ್ಗಿ ರಾತ್ರಿ ಒತ್ತು ಉಣ್ದಂಗೆ ಮನೀಕತಾವ್ಳಂತೆ. ಏನಾಗದೆ ಅಂತ ನೀವೇ ಯೋಳಿ."

ನನ್ನ ಗಂಡ ಒಮ್ಮೆ ನನ್ನ ಮುಖ ನೋಡಿದರು. ಒಮ್ಮೆ ನೆಲ ನೋಡಿದರು. ಆಮೇಲೆ ಅಣ್ಣನನ್ನು ಬಿಟ್ಟು ನನ್ನನ್ನೇ ಮೆಲ್ಲಗೆ ಕೇಳಿದರು, "ಮಿಷನ್ ಇಸ್ಯ ನಿಂಗೆ ಗೊತ್ತಾಗೋಯ್ತಾ?"

ಯಾವ ಮಿಷನ್, ಯಾವ ವಿಷಯ, ಅಲ್ಲಿದ್ದ ಮೂವರಿಗೂ ಗೊತ್ತಿರಲಿಲ್ಲ. ಕೇಳದೇ ಇದ್ದದ್ದನ್ನು ಹೇಳಲು ಶುರುಮಾಡಿದ ಮೇಲೆ ಅವರಿಗೆ ನಿಲ್ಲಿಸಲಾಗಲಿಲ್ಲ. ನಾನು ದಿನಾ ಬೆಳಿಗ್ಗೆ ಮಿಷನ್ ಹತ್ತಿ ಇಳಿದು ಮುಖ ಸಣ್ಣ ಮಾಡಿಕೊಳ್ಳುತ್ತಿದ್ದದ್ದನ್ನು ಅವರಿಗೆ ನೋಡಲಾಗಲಿಲ್ಲವಂತೆ. ಮಿಷನ್ನಿನ ಕೆಳಗೆ ಮುಳ್ಳನ್ನು ಸೊನ್ನೆಗೆ ತರುವ ಒಂದು ಚಿಕ್ಕ ಚಕ್ರವಿದೆ. ಅದನ್ನು ಸಂಕ್ರಾಂತಿಯ ಮೇಲೆ ಒಮ್ಮೆ ವಸಿ ತಿರುಗಿಸಿದರಂತೆ, ನಾನು ಕುಣಿದಾಡಿದ್ದನ್ನು ಕಂಡು ಮುಂದಿನ ವಾರ ಇನ್ನೂ ವಸಿ ತಿರುಗಿಸಿದರಂತೆ. "ಅವ್ಳು ನಗ್ತಾ ಕಾಪಿ ಕೊಟ್ಲು ಕಣ್ರೀ, ಅದ್ಕೆ ಮಾಡ್ಬುಟ್ಟೆ" ಎಂದು ಅಣ್ಣನಿಗೆ ಹೇಳಿದರು. ಅಣ್ಣ ಗಂಭೀರವಾಗಿ, ಯಾವ ಕಡೆಗೆ ತಿರುಗಿಸಿದಿರಿ ಎಂದು ಕೇಳಿದ. ಪಂಚಾಯ್ತಿಗೆ ಬಂದವನು, ಏನಾದರೂ ಕೇಳಲೇಬೇಕಿತ್ತು.

ನನಗೆ ಮೊದಲು ಬಂದದ್ದು ಸಿಟ್ಟಲ್ಲ, ಸ್ಟಾಫ್ ರೂಮಿನ ನೆನಪು. ಎರಡನೆಯದು ಹೊಸ ಅಗ್ರಹಾರದ ಅಕ್ಕ. ಸಿಟ್ಟು ಬಂದದ್ದು ಮೂರನೆಯದಾಗಿ. ಆದರೆ ಸುಟ್ಟ ಮೋಟರನ್ನು ಬಿಚ್ಚಿ ತಂತಿ ಸುತ್ತುವ ಕೈ, ಹೆಂಡತಿಯ ಬೇಜಾರನ್ನೂ ಒಂದು ಚಕ್ರ ತಿರುಗಿಸಿ ರಿಪೇರಿ ಮಾಡಲು ಹೋಗಿತ್ತಲ್ಲ, ಆ ಮನುಷ್ಯನ ಮೇಲೆ ಸಿಟ್ಟನ್ನು ಉಳಿಸಿಕೊಳ್ಳುವುದು ಕಷ್ಟವಾಯಿತು. ನಾನು ನಗತೊಡಗಿದೆ. ನಗು ನಿಂತ ಮೇಲೆ ಲೆಕ್ಕ ಹಾಕಿದೆ. ಕೇಳಿಕೊಂಡಿದ್ದ ಟೈಮಿನಲ್ಲಿ ಅರ್ಧ ಹೋಗೇ ಹೋಯಿತು. ಜೂನ್ ಹತ್ತಿರವಾಗುತ್ತಿದೆ. ನಾನು ಒಂದು ಗ್ರಾಮೂ ಇಳಿದಿಲ್ಲ. ಆ ಕೋಣೆ ನನ್ನ ಕೈತಪ್ಪುತ್ತದೆ. ಈಗ ನಿಜವಾಗಿಯೂ ಅಳು ಬಂತು, ಎಲ್ಲರ ಮುಂದೆಯೇ ಅತ್ತುಬಿಟ್ಟೆ. ಶಾಲೆಯ ಕುರ್ಚಿಯ ವಿಷಯವನ್ನೂ, ಏಳನೇ ತರಗತಿಯ ವಿಷಯವನ್ನೂ, ರಾತ್ರಿ ಮುದ್ದೆ ಬಿಟ್ಟು ಹಣ್ಣು ತಿನ್ನುತ್ತಿದ್ದ ಕಾರಣವನ್ನೂ ಹೇಳಿದೆ.

ಅತ್ತೆಗೆ ನಾನು ಯಾರ ಮೇಲೂ ಮುನಿಸಿಕೊಂಡಿಲ್ಲ ಎಂದು ನಂಬಿಕೆ ಬರಲು ಸ್ವಲ್ಪ ಹೊತ್ತು ಹಿಡಿಯಿತು. ಬಂದ ಮೇಲೆ ಅವರಿಗೆ ಬೇರೆಯೇ ಸಿಟ್ಟು ಬಂತು.

"ಅಣ್ಣು ತಿನ್ನಾದು, ಇಟ್ಟು ಉಣ್ಣಾದು ಕಣಮ್ಮಿ. ರಾತ್ರಿಗೆ ಅಣ್ಣೇ ಸಾಕು ಅನ್ನಾದಾದ್ರೆ ಅದ್ನೇ ಉಣ್ಣು ಮತ್ತೆ. ತಟ್ಟೆಗಾಕ್ಕಂಡು, ನಮ್ ಜೊತೆ ನೆಲದ ಮ್ಯಾಲೆ ಕುಂತ್ಕಂಡು ಉಣ್ಣು. ಓಡಾಡ್ಕಂಡು ಬಾಯಿಗಾಕಬ್ಯಾಡ. ನೋಡ್ದೋರು ಏನಂದಾರು."

ಅವರಿಗೆ ಬೇಕಿದ್ದದ್ದು ಮರ್ಯಾದೆ. ಸೊಸೆ ನಿಂತುಕೊಂಡು ಗೊನೆಗೆ ಕೈಹಾಕುವುದು ಅವರ ಕಣ್ಣಿಗೆ ಚೆನ್ನಾಗಿ ಕಾಣುತ್ತಿರಲಿಲ್ಲ, ಅಷ್ಟೇ. ಕ್ಯಾಲೊರಿ ಎಂಬ ಪದವನ್ನೇ ಅವರು ಕೇಳಿಲ್ಲ. ಆದರೆ ಆ ಮಾತು ಕಿವಿಗೆ ಬಿದ್ದದ್ದೇ, ಇಷ್ಟು ವರ್ಷ ಮಕ್ಕಳಿಗೆ ಕನ್ನಡ ಕಲಿಸಿದ ನನಗೆ ಮೈ ಜುಮ್ಮೆಂದಿತು. ಹಣ್ಣನ್ನು ಎಣಿಸಬೇಕೇ ಎಂದು ನಾನೂ ಮಗಳೂ ತಿಂಗಳುಗಟ್ಟಲೆ ಜಗಳವಾಡಿದ್ದೆವಲ್ಲ. ಎಣಿಸಲೇಬೇಕು. ನನ್ನಂಥವಳು ಎಣಿಸಬೇಕಾದದ್ದು ಅಂಕಿಯಲ್ಲಲ್ಲ, ಕ್ರಿಯಾಪದದಲ್ಲಿ. ಹಣ್ಣನ್ನು ತಿನ್ನುವವರೆಗೆ ಅದು ನನಗೆ ಲೆಕ್ಕಕ್ಕೆ ಸಿಗುವುದಿಲ್ಲ. ಉಂಡರೆ ಸಿಗುತ್ತದೆ.

ಅವತ್ತು ಮಧ್ಯಾಹ್ನ ಅಣ್ಣ ತಂದಿದ್ದ ಪರಂಗಿ ಹಣ್ಣನ್ನು ಅತ್ತೆ ತಟ್ಟೆಗೆ ಬಡಿಸಿದರು. ಜೊತೆಗೆ ಅರ್ಧ ಮುದ್ದೆ, ಸೊಪ್ಪಿನ ಸಾರು. ನೆಲದಲ್ಲಿ ಕೂರಲು ಹೆದರಿ ನಾನು ಎರಡು ಮಣೆ ಒಂದರ ಮೇಲೊಂದು ಇಟ್ಟುಕೊಂಡು ಕೂತೆ. ಅಣ್ಣ ಕಾಫಿಯನ್ನೂ ಕುಡಿದ, ಊಟವನ್ನೂ ಮಾಡಿದ, ಹೊರಡುವಾಗ ನಮ್ಮವರನ್ನು ಪಕ್ಕಕ್ಕೆ ಕರೆದು, ಅದೇ ಥರದ ಮಿಷನ್ ಅವನ ಹೆಂಡತಿಗೂ ಒಂದು ತಂದುಕೊಡಲು ಹೇಳಿದ. ನಾನು ಮಿಷನ್ನಿನ ಆ ಚಕ್ರವನ್ನು ಸೊನ್ನೆಗೆ ತಂದು, ನಮ್ಮವರ ಕೈಯಿಂದಲೇ ಅದಕ್ಕೆ ಬೆಸುಗೆ ಹಾಕಿಸಿದೆ.

ಆಮೇಲೆ ನಡೆದದ್ದೆಲ್ಲ ಜೈತ್ರಯಾತ್ರೆಯೇ. ಹಣ್ಣು ತಟ್ಟೆಗೆ ಬಂದ ಕೂಡಲೇ ಅದಕ್ಕೆ ಊಟದ ಶಿಸ್ತೆಲ್ಲ ಬಂದುಬಿಟ್ಟಿತು. ಊಟಕ್ಕೆ ಹೊತ್ತಿದೆ, ಹಾಗಾಗಿ ಹಣ್ಣಿಗೂ ಹೊತ್ತು ಬಂತು. ಊಟವಾದ ಮೇಲೆ ಕೈತೊಳೆಯುತ್ತೇವೆ, ಹಾಗಾಗಿ ಹಣ್ಣಿಗೂ ಮುಗಿಯುವುದು ಎಂಬುದೊಂದು ಬಂತು. ಎಲ್ಲಕ್ಕಿಂತ ದೊಡ್ಡ ವಿಷಯ, ಬಡಿಸುವವರು ಇನ್ನೊಂದು ಹಾಕಲೇ ಎಂದರೆ ತಟ್ಟೆಗೆ ಕೈ ಅಡ್ಡ ಹಿಡಿದು ಸಾಕು ಎನ್ನಬಹುದು. ನೇತಾಡುವ ಗೊನೆಗೆ ಯಾವ ಕೈ ಅಡ್ಡ ಹಿಡಿಯುವುದು? ಅತ್ತೆಯ ಎದುರು ಒಂದು ಸಲ ಸಾಕು ಎಂದ ಮೇಲೆ ಮತ್ತೆ ಕೇಳಲು ನಾಚಿಕೆಯಾಗುತ್ತಿತ್ತು. ಮುದ್ದೆ ಕಡಿಮೆಯಾದ ಜಾಗದಲ್ಲಿ ಒಂದಿಷ್ಟು ಸೀಬೆಯೋ ಪರಂಗಿಯೋ ಕೂತಿತು, ಮುದ್ದೆಯ ಮೇಲೆ ಬಾಳೆಹಣ್ಣು ಹತ್ತಿ ಕೂರುವುದು ನಿಂತಿತು. ಬೀದಿಯಲ್ಲಿ ಯಾರಾದರೂ ಊಟ ಆಯ್ತಾ ಮಿಸ್ ಎಂದರೆ ಆಯ್ತು ಎನ್ನುತ್ತಿದ್ದೆ. ಎರಡು ಸೀಬೆಹಣ್ಣು, ಒಂದು ಬಟ್ಟಲು ಮಜ್ಜಿಗೆ, ಒಂದಿಷ್ಟು ಕಾಳಿನ ಪಲ್ಯ ಮುಗಿಸಿ ಹಾಗೆ ಅನ್ನುವಾಗ ಮೊದಮೊದಲು ಸುಳ್ಳು ಹೇಳಿದಂತಾಗುತ್ತಿತ್ತು. ಬರಬರುತ್ತಾ ಹೊಟ್ಟೆಯೂ ಆ ಮಾತನ್ನು ನಂಬಿತು.

ಪರೀಕ್ಷೆ ಬಂದದ್ದು ಬೇಸಿಗೆಯಲ್ಲಿ. ಬಾದಾಮಿ ಮಾವು ಮನೆಗೆ ಬಂತು, ಹಿಂದೆಯೇ ಹಲಸು ಬಂತು. ಮನೆಯೆಲ್ಲ ಘಮ್ಮೆನ್ನುವಾಗ ನಾನು ಮಣೆಯ ಮೇಲೆ ಕೂತು, ತಟ್ಟೆಯಲ್ಲಿ ಬಡಿಸಿದ್ದ ಹಲಸಿನ ತೊಳೆಗಳನ್ನು ರಾಜಕುಮಾರಿಯಂತೆ ಒಂದೊಂದಾಗಿ ಉಂಡೆ. ಅವತ್ತು ರಾತ್ರಿಗೆ ಅದೇ ಊಟ, ಅದರ ಮೇಲೆ ಇನ್ನೇನಿಲ್ಲ. ಸತ್ಯ ಹೇಳಬೇಕೆಂದರೆ ಹಲಸು ಅಷ್ಟು ರುಚಿಯಾಗಿ ನನಗೆ ಎಂದೂ ಸಿಕ್ಕಿರಲಿಲ್ಲ. ಮೊದಲೆಲ್ಲ ಏನೋ ಮಾಡುತ್ತಾ ತಿನ್ನುತ್ತಿದ್ದೆ, ಬಾಯಿಗೆ ಹೋದದ್ದು ನಾಲಗೆಗೇ ತಿಳಿಯುತ್ತಿರಲಿಲ್ಲ. ಅಕ್ಕನಿಗೂ ಫೋನು ಮಾಡಿ ಹೊಸ ಕಾನೂನು ತಿಳಿಸಿದೆ. ಹಳೆಯ ಕಾನೂನೇ ಚೆನ್ನಾಗಿತ್ತು ಎಂದಳು.

ಮುಳ್ಳು ಇಳಿಯಿತು. ಈ ಸಲ ಅದನ್ನು ತಿರುಗಿಸುವವರು ಯಾರೂ ಇರಲಿಲ್ಲ. ದಿನಾ ಸಂಜೆ ಹ್ಯಾಂಡ್‌ಪೋಸ್ಟ್‌ನಿಂದ ಕೋಟೆಯ ಕಡೆಗೆ ನಡೆದು ಬರುತ್ತಿದ್ದೆ, ಅದೂ ಸೇರಿತು. ಎರಡು ಮಣೆ ಹೋಗಿ ಒಂದು ಮಣೆ ಆಯಿತು. ಮೇ ತಿಂಗಳ ಒಂದು ಸಂಜೆ ಅತ್ತೆ ನನ್ನನ್ನು ಕೇಳದೆಯೇ ಆ ಒಂದು ಮಣೆಯನ್ನೂ ಎತ್ತಿ ಅಟ್ಟಕ್ಕೆ ಹಾಕಿಸಿದರು. ಅವತ್ತು ನೆಲದ ಮೇಲೆ ಕೂತು ಉಂಡು, ಒಂದು ಕೈ ನೆಲಕ್ಕೆ ಊರಿ ಎದ್ದೆ. ನನ್ನ ತಟ್ಟೆಯನ್ನು ಅತ್ತೆಯೇ ಎತ್ತಿಕೊಂಡು ಹೋದರು. ಆ ಮನೆಗೆ ಬಂದ ಇಷ್ಟು ವರ್ಷಗಳಲ್ಲಿ ಅವರು ನನ್ನ ತಟ್ಟೆ ಎತ್ತಿದ್ದು ಅದೇ ಮೊದಲು.

ಶಾಲೆ ಶುರುವಾದ ದಿನ ಹೆಡ್‌ಮಾಸ್ಟರು ಬಾಗಿಲಿಗೆ ಮಾವಿನ ತೋರಣ ಕಟ್ಟಿಸುತ್ತಿದ್ದರು. ನನ್ನನ್ನು ನೋಡಿ, ಇಳಿದಿದ್ದೀರಿ ಮಿಸ್ ಎಂದರು, ಆದರೆ ಒಪ್ಪಂದವನ್ನು ಮರೆತಿರಲಿಲ್ಲ. ಕೋಣೆಯಲ್ಲಿ ಕುರ್ಚಿ ಇದ್ದಲ್ಲೇ ಇತ್ತು. ನಾನು ಅವರನ್ನು ಕರೆದು, ಎಲ್ಲರ ಮುಂದೆ ಒಂದು ಪ್ರದರ್ಶನ ಕೊಡಬೇಕೆಂದು ರಜೆಯಿಡೀ ಯೋಚಿಸಿಟ್ಟಿದ್ದೆ. ಅದಕ್ಕೆ ಸಮಯವೇ ಸಿಗಲಿಲ್ಲ. ಒಂದನೇ ತರಗತಿಗೆ ಹೊಸದಾಗಿ ಸೇರಿದ ಧನ್ಯ ಎಂಬ ಹುಡುಗಿ, ಅವಳ ತಾಯಿ ಹೊಗೆಸೊಪ್ಪಿನ ಸಸಿ ನೆಡಲು ಹೊತ್ತಾಯಿತೆಂದು ಬಿಟ್ಟು ಹೋದದ್ದೇ ತಡ, ಕೋಣೆಯ ನಟ್ಟನಡುವೆ ಬಿದ್ದುಕೊಂಡು ಶಾಲೆಯೇ ಹಾರಿಹೋಗುವಂತೆ ಅಳತೊಡಗಿದಳು. ನಾನು ಹೋಗಿ ಅವಳ ಪಕ್ಕ ಕೂತೆ. ಕೂರುವಾಗ ಮಂಡಿಯ ನೆನಪೇ ಬರಲಿಲ್ಲ. ಮೊದಲು ನನ್ನ ಸೀರೆಯನ್ನು ಒದ್ದಳು. ಆಮೇಲೆ ಅದನ್ನೇ ಹಿಡಿದುಕೊಂಡಳು. ಆಮೇಲೆ ಮಡಿಲಿಗೆ ಹತ್ತಿ, ಎರಡೂ ಕೈಯಿಂದ ನನ್ನ ಕುತ್ತಿಗೆ ತಬ್ಬಿ, ಬಿಕ್ಕುತ್ತಾ ಬಿಕ್ಕುತ್ತಾ ಹಾಗೆಯೇ ನಿದ್ದೆಹೋದಳು. ಉಳಿದ ಮಕ್ಕಳೆಲ್ಲ ಸುತ್ತ ಬಂದು ಕೂತರು. ಎಲ್ಲರ ಮುಖಗಳೂ ನನ್ನ ಮುಖದ ಎತ್ತರಕ್ಕೆ ಇದ್ದವು. ಇದನ್ನೇ ಅಲ್ಲವೇ ನಾನು ಕಳೆದುಕೊಂಡಿದ್ದು ಎನಿಸಿ, ಆ ಮಗುವನ್ನು ಎಬ್ಬಿಸಬಾರದೆಂದು ಸದ್ದಿಲ್ಲದೆ ಕಣ್ಣೊರೆಸಿಕೊಂಡೆ.

ಬಿಸಿಯೂಟದ ಗಂಟೆ ಹೊಡೆಯಿತು. ಮಕ್ಕಳು ತಟ್ಟೆ ಹಿಡಿದು ಹೊರಗೆ ಓಡಿದರು. ನಾನು ನಡುಕೋಣೆಯಲ್ಲಿ, ಗೋಡೆ ದೂರ, ನನ್ನ ಎರಡೂ ಕೈಗಳಲ್ಲಿ ಮಲಗಿದ ಮಗು. ಹೆಡ್‌ಮಾಸ್ಟರು ಬಾಗಿಲಿಗೆ ಬಂದು ನಿಂತರು. ಪರಿಸ್ಥಿತಿ ನೋಡಿ ಗಾಬರಿಯಾಗಿ, ಮಗುವನ್ನು ಎತ್ತಿಕೊಳ್ಳಲು ಅಡುಗೆಯವರನ್ನು ಕರೆಯಲೇ ಎಂದು ಕೇಳಿದರು. ಬೇಡ ಸಾರ್ ಎಂದೆ. ಮಗುವನ್ನು ಹೆಗಲಿಗೆ ಹಾಕಿಕೊಂಡೆ, ಒಂದು ಪಾದ ಊರಿದೆ, ಉಸಿರು ಹಿಡಿದೆ, ಎದ್ದೆ. ನೆಲ ಮುಟ್ಟಲಿಲ್ಲ, ಗೋಡೆ ಮುಟ್ಟಲಿಲ್ಲ. ನಾನು ಅಷ್ಟು ತಿಂಗಳಲ್ಲಿ ಇಳಿಸಿದ್ದು ಆ ಮಗುವಿನ ಅರ್ಧ ತೂಕದಷ್ಟೇ ಇರಬಹುದು. ಅಂದರೆ ಮಗುವಿನ ತೂಕವೂ ಸೇರಿ, ಅಂದು ಏಳಲಾಗದೆ ಅತ್ತ ಹೆಂಗಸಿಗಿಂತಲೂ ಹೆಚ್ಚಿನ ಭಾರವನ್ನು ಹೊತ್ತು ನಾನೀಗ ನೆಟ್ಟಗೆ ನಿಂತಿದ್ದೆ. ಧನ್ಯ ನಿದ್ದೆಯಲ್ಲೇ ಒಮ್ಮೆ ಬಿಕ್ಕಿ ಸುಮ್ಮನಾದಳು.

ಹೆಡ್‌ಮಾಸ್ಟರು ಒಳಗೆ ಬಂದು, ಕುರ್ಚಿಯನ್ನು ಎತ್ತಿಕೊಂಡರು. ಬಾಗಿಲು ದಾಟುತ್ತಿದ್ದವರಿಗೆ ನಾನು ಹಿಂದಿನಿಂದ ಹೇಳಿದೆ, "ಏಳನೇ ಕ್ಲಾಸಿಗೆ ಬೇರೆಯವರನ್ನ ನೋಡ್ಕೊಳ್ಳಿ ಸಾರ್."